ಮೂವತ್ತನಾಲ್ಕನೆಯ ತಗಡು

ಆ ಇಳಿಜಾರಿನಲ್ಲಿದ್ದ ಹನ್ನೆರಡು ತಗಡುಗಳನ್ನು ನಾನು ಆರನೆಯ ಸಲ ಎತ್ತಿ ನೋಡಲಿಲ್ಲ. ಏಳನೆಯ ಸಲವೂ ನೋಡಲಿಲ್ಲ. ನೋಡಿದೆನೆಂದು ಬರೆದೆ. ಬಿಸಿಲು ಜಾಸ್ತಿಯಿತ್ತು, ಮುಳ್ಳುಪೊದೆ ದಾಟಬೇಕಿತ್ತು, ಹೊಸ ಬೂಟು ಕಚ್ಚುತ್ತಿತ್ತು. ಹೀಗೆಲ್ಲ ಕಾರಣಗಳನ್ನು ನನಗೆ ನಾನೇ ಹೇಳಿಕೊಂಡೆ. ಬಿಸಿಲು, ಮುಳ್ಳು, ಬೂಟು ಮೂರೂ ನಿಜ. ಕಾರಣ ಮಾತ್ರ ಅವಲ್ಲ.

ನಮ್ಮ ಕೆಲಸ ಹೊರಗಿನವರಿಗೆ ತಮಾಷೆಯಾಗಿ ಕಾಣುತ್ತದೆ. ಎಲ್ಲಾದರೂ ಮನೆಯನ್ನೋ ರಸ್ತೆಯನ್ನೋ ಕಟ್ಟುವ ಮೊದಲು ಆ ನೆಲದಲ್ಲಿ ಯಾವ ಜೀವಿಗಳಿವೆ, ಎಷ್ಟಿವೆ, ಎಲ್ಲಿವೆ ಎಂದು ನೋಡಿ ಬರೆದುಕೊಡುವವರು ನಾವು. ಹಕ್ಕಿಗಳಾದರೆ ಕೂಗಿ ತಾವಿರುವುದನ್ನು ಹೇಳುತ್ತವೆ. ಹಾವು, ಹಲ್ಲಿ, ಹಾವುರಾಣಿಗಳು ಹೇಳುವುದಿಲ್ಲ. ಹುಡುಕಿಕೊಂಡು ಹೋದರೆ ಕಾಲಿನ ಸದ್ದಿಗೇ ಮಾಯವಾಗುತ್ತವೆ. ಅವು ತಾವಾಗಿ ಬರುವ ಹಾಗೆ ಮಾಡಬೇಕು. ಅದಕ್ಕಾಗಿ ಕಪ್ಪು ಬಣ್ಣ ಬಳಿದ ತಗಡಿನ ಹಾಳೆಗಳನ್ನು ಹುಲ್ಲಿನ ಮೇಲೆ ಅಲ್ಲಲ್ಲಿ ಹಾಸಿ ಬರುತ್ತೇವೆ. ಬೆಳಗಿನ ಬಿಸಿಲಿಗೆ ತಗಡು ಕಾಯುತ್ತದೆ. ಅದರ ಅಡಿಯ ಕಾವಿಗೆ ಅವು ಬಂದು ಸೇರುತ್ತವೆ. ಮೂರು ವಾರ ಯಾರೂ ಮುಟ್ಟಬಾರದು. ಆಮೇಲೆ ವಾರಕ್ಕೊಂದರಂತೆ ಏಳು ಬೆಳಗು ಹೋಗಿ ಒಂದೊಂದನ್ನೂ ಎತ್ತಿ, ನೋಡಿ, ಬರೆದು, ಮತ್ತೆ ಮೆಲ್ಲಗೆ ಇಡಬೇಕು.

ಇದನ್ನು ನನಗೆ ಕಲಿಸಿದವರು ನಮ್ಮ ಆಫೀಸಿನ ಹಿರಿಯರು. ಮೂವತ್ತೊಂದು ವರ್ಷದಿಂದ ಇದೇ ಕೆಲಸ ಮಾಡುತ್ತಿರುವ ಅವರಿಗೆ ಬೆನ್ನ ಹಿಂದೆ ಎಲ್ಲರೂ ತಗಡಿನಮ್ಮ ಎನ್ನುತ್ತಾರೆ. ಅದು ಅವರಿಗೂ ಗೊತ್ತು. ಕನ್ನಡಕದ ಅಂಗಡಿಯ ಮೇಲಿನ ಎರಡು ಕೋಣೆಯೇ ಆಫೀಸು, ಅದರಲ್ಲಿ ಅವರು ಮತ್ತು ನಾನು. ಮೊದಲ ದಿನ ನನ್ನನ್ನು ಹುಲ್ಲಿನಲ್ಲಿ ಮಂಡಿಯೂರಿಸಿ ಅವರು ಹೇಳಿದ್ದರು: "ಮಲಗಿರೋ ಮಗುವಿನ ಹೊದಿಕೆ ಎತ್ತಿ ನೋಡ್ತಾರಲ್ಲ, ಹಾಗೆ ಎತ್ತಬೇಕು ಕಣೋ. ಮನಸ್ಸಲ್ಲೇ ಮೂರು ಎಣಿಸು. ಮೂರಕ್ಕಿಂತ ಕಮ್ಮಿ ಎಣಿಸಿದ್ರೆ ನೀನು ನೋಡ್ಲಿಲ್ಲ ಅಂತ ಅರ್ಥ. ಜಾಸ್ತಿ ಎಣಿಸಿದ್ರೆ ಅವು ನಿನ್ನ ನೋಡಿಬಿಟ್ವು ಅಂತ ಅರ್ಥ."

ಈ ಕೆಲಸದಲ್ಲಿ ನನಗೆ ಹಿಡಿಸಿದ್ದು ಅದರ ಮೌನ. ಒಂದು ತಗಡಿನಿಂದ ಇನ್ನೊಂದಕ್ಕೆ ಹೋಗುವ ನಡುವೆ ಯಾರಿಗೂ ಏನನ್ನೂ ಹೇಳಬೇಕಾಗಿಲ್ಲ. ನೋಡಿದ್ದನ್ನು ಬರೆದರೆ ಮುಗಿಯಿತು. ಆ ಮೌನದಲ್ಲಿ ಸುಳ್ಳನ್ನೂ ಅಷ್ಟೇ ಸಲೀಸಾಗಿ ಹೇಳಬಹುದೆಂದು ನನಗೆ ಹೊಳೆದಿರಲಿಲ್ಲ.

ಜಾಗ ಒಂದು ಹಳೆಯ ಇಟ್ಟಿಗೆ ಕಾರ್ಖಾನೆ. ಮುಚ್ಚಿ ಇಪ್ಪತ್ತು ವರ್ಷವಾಗಿತ್ತು. ಗೂಡುಗಳು ಕುಸಿದು, ಮಣ್ಣು ತೆಗೆದ ಹೊಂಡಗಳ ಸುತ್ತ ಹುಲ್ಲು ಸೊಂಟದವರೆಗೆ ಬೆಳೆದಿತ್ತು. ಅಲ್ಲಿ ಪಾಲಿಕೆ ನೂರಿಪ್ಪತ್ತು ಮನೆಗಳನ್ನು ಕಟ್ಟಿ ಬಾಡಿಗೆ ಮನೆಯವರಿಗೆ ಚೀಟಿ ಎತ್ತಿ ಹಂಚುವುದೆಂದು ತೀರ್ಮಾನವಾಗಿತ್ತು. ಪಟ್ಟಿ ಆಗಲೇ ಹೊರಬಿದ್ದಿತ್ತು. ಎಂಬತ್ತೇಳನೆಯ ಹೆಸರು ನನ್ನ ಅಕ್ಕನದು. ಎಂಬತ್ತೇಳು ಎಂದರೆ ಮೂರನೆಯ ಬ್ಲಾಕು, ಮೂರನೆಯ ಬ್ಲಾಕು ಎಂದರೆ ಆ ಇಳಿಜಾರು.

ಇದನ್ನು ನಾನು ತಗಡಿನಮ್ಮನಿಗೆ ಹೇಳಬೇಕಿತ್ತು. ಕೆಲಸ ಒಪ್ಪಿಕೊಳ್ಳುವ ಕಾಗದದಲ್ಲೇ ಒಂದು ಸಾಲಿದೆ, ಈ ಜಾಗದಲ್ಲಿ ನಿಮಗಾಗಲಿ ನಿಮ್ಮ ಮನೆಯವರಿಗಾಗಲಿ ಏನಾದರೂ ಸಂಬಂಧವಿದೆಯೇ ಎಂದು. ಇಲ್ಲ ಎಂದು ಬರೆದೆ. ಅಕ್ಕನಿಗೆ ಮನೆ ಸಿಗುವುದಕ್ಕೂ ನಾನು ಹಲ್ಲಿ ಎಣಿಸುವುದಕ್ಕೂ ಏನು ಸಂಬಂಧ ಎಂದು ಆ ಹೊತ್ತಿಗೆ ಪ್ರಾಮಾಣಿಕವಾಗಿಯೇ ಅನ್ನಿಸಿತ್ತು. ಅಥವಾ ಹಾಗೆ ಅನ್ನಿಸಿತ್ತೆಂದು ಈಗ ಅಂದುಕೊಳ್ಳುತ್ತಿದ್ದೇನೆ.

ನಲವತ್ತು ತಗಡುಗಳು, ಒಂದೊಂದರ ಮೇಲೂ ಹಳದಿ ಬಣ್ಣದಲ್ಲಿ ಸಂಖ್ಯೆ. ಮೊದಲ ನಾಲ್ಕು ಸಲ ಸಾಮಾನ್ಯ ಹಲ್ಲಿಗಳು, ಎರಡು ಮರಿಹಾವು, ಇರುವೆ ಗೂಡು, ಇಷ್ಟೇ. ಐದನೆಯ ಸಲ ಇಳಿಜಾರಿನ ಮೂವತ್ತನಾಲ್ಕನೆಯ ತಗಡನ್ನು ಎತ್ತಿ ಒಂದು ಎಣಿಸುವಷ್ಟರಲ್ಲಿ ಏನೋ ಬೇರುಗಳ ನಡುವೆ ಸರಿದುಹೋಯಿತು. ಮಣ್ಣಿನ ಬಣ್ಣ, ಬೆರಳಿನ ದಪ್ಪ, ಎಣ್ಣೆ ಹಚ್ಚಿದಂಥ ನುಣುಪು. ಕಾಲುಗಳು ಇದ್ದೂ ಇಲ್ಲದಷ್ಟು ಪುಟ್ಟವಾಗಿದ್ದವು. ಅಂಥ ಗಿಡ್ಡಗಾಲಿನ ಹಾವುರಾಣಿಯನ್ನು ನಾನು ಚಿತ್ರದಲ್ಲಷ್ಟೇ ನೋಡಿದ್ದೆ. ಕಾನೂನಿನ ರಕ್ಷಣೆಯಿರುವ ಅಪರೂಪದ ಜೀವಿ ಅದು, ಒಂದು ಕಂಡರೂ ಸಾಕು, ಅಲ್ಲಿ ಗುದ್ದಲಿ ಹಾಕುವ ಹಾಗಿಲ್ಲ. ಎಲ್ಲವನ್ನೂ ಹಿಡಿದು ಬೇರೆ ಕಡೆ ಸಾಗಿಸುವವರೆಗೆ, ಅಂದರೆ ಕಮ್ಮಿಯೆಂದರೂ ಒಂದು ವರ್ಷ, ಕೆಲಸ ನಿಲ್ಲಬೇಕು.

ತಗಡನ್ನು ಇಟ್ಟೆ. ಪೆನ್ನು ಕೈಯಲ್ಲೇ ಇತ್ತು. ಖಚಿತವಿಲ್ಲದಿದ್ದರೆ 'ಗುರುತು ಸಿಗಲಿಲ್ಲ' ಎಂದು ಬರೆಯಬೇಕು, ಹಾಗೆ ಬರೆದರೆ ಮತ್ತೆ ಮೂರು ಸಲ ಬಂದು ನೋಡಬೇಕು. ನಾನು ಸೊನ್ನೆ ಬರೆದೆ. ಆಮೇಲಿನ ಎರಡು ಸಲ ಇಳಿಜಾರಿನ ತಲೆಯಲ್ಲಿ ನಿಂತು, ಕೆಳಗಿನ ಹನ್ನೆರಡು ಕಪ್ಪು ಚೌಕಗಳನ್ನು ನೋಡಿ, ನಿಂತಲ್ಲೇ ಹಾಳೆ ತುಂಬಿಸಿದೆ. ಎತ್ತಿದರೆ ಕಾಣಬಹುದು. ಕಂಡರೆ ಬರೆಯಬೇಕು. ಎತ್ತದಿದ್ದರೆ ನಾನು ಸುಳ್ಳುಗಾರನಾಗುವುದಿಲ್ಲ, ಬರೀ ಸೋಮಾರಿಯಾಗುತ್ತೇನೆ. ಇದೇ ನನ್ನ ಲೆಕ್ಕಾಚಾರವಾಗಿತ್ತು.

ವರದಿಯ ಕೊನೆಯ ಪುಟಕ್ಕೆ ತಗಡಿನಮ್ಮ ಸಹಿ ಹಾಕಬೇಕಿತ್ತು. ಪರವಾನಗಿ ಇರುವುದು ಅವರ ಹೆಸರಿನಲ್ಲಿ. ಹಾಳೆಗಳನ್ನು ತಿರುವಿ ಹಾಕುತ್ತಾ, "ಇಳಿಜಾರಲ್ಲಿ ಏನೂ ಇಲ್ವಾ? ಬಿಸಿಲು ಚೆನ್ನಾಗಿ ಬೀಳೋ ಜಾಗ ಅದು" ಎಂದರು.

"ಏನೂ ಇಲ್ಲ ಮೇಡಂ."

"ಇರ್ಲಿ ಬಿಡು. ಇಲ್ಲದ್ದನ್ನ ಇಲ್ಲ ಅಂತ ಹೇಳೋದೂ ಕೆಲಸಾನೇ." ಸಹಿ ಹಾಕಿ ಪೆನ್ನಿನ ಮುಚ್ಚಳ ಹಾಕಿದರು.

ಅಕ್ಕನ ಮನೆಯಲ್ಲೇ ನಾನಿರುವುದು. ಎರಡು ಕೋಣೆ, ನಡುವೆ ಇಕ್ಕಟ್ಟಾದ ನಡುಮನೆ, ಒಂದು ಅಡುಗೆಮನೆ. ಒಳಗಿನ ಕೋಣೆ ಅಕ್ಕ ಭಾವನದು. ಮುಂದಿನ ಕೋಣೆ ಅಕ್ಕನ ಮಗಳದಾಗಬೇಕಿತ್ತು, ನಾನು ಬಂದ ಮೇಲೆ ನನ್ನದಾಯಿತು. ಹದಿನಾಲ್ಕು ವರ್ಷದ ಹುಡುಗಿ ಅಡುಗೆಮನೆಯಲ್ಲಿ ಮಡಚುವ ಮಂಚ ಹಾಕಿಕೊಂಡು ಮಲಗುತ್ತಾಳೆ. ಅವಳ ಶಾಲೆಯ ಪುಸ್ತಕಗಳು ಫ್ರಿಜ್ಜಿನ ಮೇಲೆ. ಈ ವ್ಯವಸ್ಥೆಯ ಬಗ್ಗೆ ಮೂರು ವರ್ಷದಲ್ಲಿ ಯಾರೂ ಒಂದು ಮಾತು ಆಡಿಲ್ಲ. ಅಮ್ಮ ಹೋದ ಮೇಲೆ ನನ್ನನ್ನು ಓದಿಸಿದ್ದು ಅಕ್ಕನೇ, ನಡುಮನೆಯ ಬಾಗಿಲ ಬಳಿ ಅಡ್ಡ ಕೂತಿರುವ ಅವಳ ಹೊಲಿಗೆ ಯಂತ್ರವೇ. ಮನೆಯೊಳಗೆ ಓಡಾಡಬೇಕಾದರೆ ಎಲ್ಲರೂ ಆ ಯಂತ್ರವನ್ನು ಸುತ್ತಿಕೊಂಡೇ ಹೋಗಬೇಕು.

ಶುಕ್ರವಾರ ಸಂಜೆ ಪಾಲಿಕೆಯಿಂದ ಕಾಗದ ಬಂತು. ಬುಧವಾರ ಯಂತ್ರಗಳು ಬರುತ್ತವೆ, ನೆಲ ಸಮ ಮಾಡುವ ಕೆಲಸ ಶುರು. ಅಕ್ಕ ಅದನ್ನು ಮೂರು ಸಲ ಗಟ್ಟಿಯಾಗಿ ಓದಿದಳು.

ಭಾವ ಲಿಫ್ಟ್ ರಿಪೇರಿ ಮಾಡುವವರು. ಕೈಯ ಗ್ರೀಸು ಒರೆಸಿಕೊಳ್ಳುತ್ತಾ ನನ್ನ ಕಡೆ ತಿರುಗಿದರು. "ಏನಪ್ಪಾ ಹಲ್ಲಿ ಸಾಹೇಬ, ನಿನ್ನ ಪ್ರಜೆಗಳೆಲ್ಲ ಜಾಗ ಖಾಲಿ ಮಾಡಿದ್ರಾ?"

"ಅಲ್ಲಿ ಯಾರೂ ಇರ್ಲಿಲ್ಲ ಭಾವ."

"ನೋಡೇ ಇವನ ಅದೃಷ್ಟ. ಯಾರೂ ಇಲ್ಲದ ಜಾಗಕ್ಕೆ ಏಳು ಸಲ ಹೋಗಿ ಯಾರೂ ಇಲ್ಲ ಅಂತ ಬರೆದು ಬಂದ್ರೆ ಸಂಬಳ. ನನಗೂ ಇಂಥದ್ದೊಂದು ಕೊಡಿಸಪ್ಪ. ಲಿಫ್ಟೇ ಇಲ್ಲದ ಕಟ್ಟಡಕ್ಕೆ ಹೋಗಿ, ಲಿಫ್ಟ್ ಕೆಟ್ಟಿಲ್ಲ ಅಂತ ಬರೆದು ಬರ್ತೀನಿ."

"ಸುಮ್ನಿರಿ, ಬಿಸಿಲಲ್ಲಿ ತಿರುಗಿ ತಿರುಗಿ ಅವನ ಮುಖ ಬಾಂಡ್ಲಿ ತಳ ಆಗಿದೆ, ನಿಮಗೆ ನಗು" ಎಂದಳು ಅಕ್ಕ. ಆಮೇಲೆ ನನ್ನ ಪಕ್ಕ ಬಂದು ಕೂತು, "ಲೋ, ನಕ್ಷೆ ನೋಡಿರ್ತೀಯಲ್ಲ, ಕಿಟಕಿ ಅಳತೆ ಎಷ್ಟು ಅಂತ ಗೊತ್ತಾಗುತ್ತಾ?"

"ಇನ್ನೂ ಪಾಯಾನೇ ತೆಗೆದಿಲ್ಲ ಅಕ್ಕ."

"ಪಾಯ ತೆಗೆಯೋದು ಅವರ ಕೆಲಸ. ಪರದೆ ಹೊಲಿಯೋದು ನನ್ನ ಕೆಲಸ. ನಿನ್ನ ಕೇಳಿದ್ದು ಅಳತೆ."

ಹುಡುಗಿ ಅಡುಗೆಮನೆಯಿಂದ ಇಣುಕಿ, "ಮಾಮ, ನನ್ನ ರೂಮಿನ ಕಿಟಕಿ ಮೊದಲು ಕೇಳು" ಎಂದಳು. ಕೇಳ್ತೀನಿ ಎಂದೆ. ಆಮೇಲೆ ಎಲ್ಲರ ಜೊತೆ ಕೂತು ಉಂಡೆ.

ಮರುದಿನ ತಗಡಿನಮ್ಮ ಫೋನ್ ಮಾಡಿದರು. ಯಂತ್ರ ಬರುವ ಮೊದಲು ತಗಡುಗಳನ್ನು ಎತ್ತಿಕೊಂಡು ಬರಬೇಕು, ಮುಂದಿನ ಜಾಗಕ್ಕೆ ಬೇಕಲ್ಲ. "ಸೋಮವಾರ ಬೆಳಗ್ಗೆ ಗಾಡಿ ಹೇಳಿದ್ದೀನಿ. ನಾನೂ ಬರ್ತೀನಿ. ಕೂತು ಕೂತು ಸೊಂಟ ಹಿಡ್ಕೊಂಡಿದೆ."

ನೀವ್ಯಾಕೆ ಬರೋದು, ನಾನೊಬ್ಬನೇ ತರ್ತೀನಿ ಎಂದೆ. ಅವರು ನಕ್ಕರು. "ನನ್ನ ತಗಡು, ನಾನು ಬರ್ತೀನಿ."

ಆ ನಗುವಿನ ಹಿಂದೆ ನನಗೆ ಒಂದೇ ಒಂದು ವಿಷಯ ಕಾಣಿಸಿತು. ವಾರವಾರ ಎತ್ತುವ ತಗಡಿನ ಅಂಚು ಬಿಡಿಯಾಗಿರುತ್ತದೆ. ಎತ್ತದೆ ಬಿಟ್ಟದ್ದರ ಅಂಚನ್ನು ಹುಲ್ಲು ಹೆಣೆದುಕೊಳ್ಳುತ್ತದೆ, ಬೇರು ತಗಡಿಗೆ ಅಂಟುತ್ತದೆ, ಜೇಡ ಬಲೆ ಹಾಕಿ ಅಂಚನ್ನು ಮಣ್ಣಿಗೆ ಹೊಲಿದುಬಿಡುತ್ತದೆ. ಬೇರೆ ಯಾರಿಗೂ ಅದು ಕಾಣಿಸುವುದಿಲ್ಲ. ತಗಡಿನಮ್ಮನಿಗೆ ಹತ್ತು ಹೆಜ್ಜೆ ದೂರದಿಂದಲೇ ಕಾಣಿಸುತ್ತದೆ.

ಭಾನುವಾರ ಬೆಳಗ್ಗೆ, ಸ್ನೇಹಿತನನ್ನು ನೋಡಿ ಬರುತ್ತೇನೆಂದು ಹೇಳಿ, ಅಕ್ಕನ ಅಡುಗೆಮನೆಯಿಂದ ಒಂದು ಚಾಕು ತೆಗೆದುಕೊಂಡು ಕಾರ್ಖಾನೆಗೆ ಹೋದೆ. ನಾನು ಮಾಡಿದ್ದನ್ನು ಸರಿಪಡಿಸಲು ಹೋಗಿರಲಿಲ್ಲ. ಮುಚ್ಚಲು ಹೋಗಿದ್ದೆ.

ಇಳಿಜಾರು ನಾನು ಬಿಟ್ಟುಹೋದಾಗಿನ ಹಾಗಿರಲಿಲ್ಲ. ಹುಲ್ಲು ತಗಡುಗಳ ಮೇಲೆ ಒರಗಿ ಅರ್ಧ ಮುಚ್ಚಿತ್ತು. ಇಪ್ಪತ್ತೊಂಬತ್ತರಿಂದ ಶುರು ಮಾಡಿದೆ. ಮಂಡಿಯೂರಿ, ಅಂಚಿನ ಸುತ್ತ ಚಾಕು ಆಡಿಸಿ, ಹೆಣೆದುಕೊಂಡಿದ್ದ ಬೇರುಗಳನ್ನು ಕೊಯ್ದೆ. ತಗಡನ್ನು ಎತ್ತಿ ಪಕ್ಕಕ್ಕಿಟ್ಟೆ. ಅಡಿಯಲ್ಲಿ ಏನೂ ಇರಲಿಲ್ಲ. ಮೂವತ್ತರಲ್ಲೂ ಇರಲಿಲ್ಲ. ಮೂವತ್ತೊಂದು, ಮೂವತ್ತೆರಡು, ಮೂವತ್ತಮೂರು. ಒಂದೊಂದರ ಅಡಿಯೂ ಖಾಲಿಯಾಗಿದ್ದಾಗ ಮನಸ್ಸು ಹಗುರವಾಗುತ್ತಾ ಬಂತು. ನಾನು ಬರೆದ ಸೊನ್ನೆಗಳು ತಡವಾಗಿಯಾದರೂ ನಿಜವಾಗುತ್ತಿವೆ ಎಂಬಂತೆ. ಮೂವತ್ತನಾಲ್ಕನ್ನು ಬಿಟ್ಟು ಮೂವತ್ತೈದಕ್ಕೆ ಹೋದೆ. ನಲವತ್ತರವರೆಗೂ ಮುಗಿಸಿದೆ. ಹನ್ನೊಂದು ತಗಡುಗಳನ್ನು ಹೊತ್ತು ಗೇಟಿನ ಬಳಿ ಪೇರಿಸಿಟ್ಟೆ. ನಾಳೆ ಅವರು ಬಂದಾಗ, ಮೇಡಂ, ನಿನ್ನೆಯೇ ತಂದಿಟ್ಟೆ, ನಿಮ್ಮ ಸೊಂಟಕ್ಕೆ ಯಾಕೆ ತೊಂದರೆ ಎನ್ನಬಹುದು. ಜಾಣ ಎನ್ನುತ್ತಾರೆ.

ಉಳಿದದ್ದು ಅದೊಂದು.

ಚಾಕು ಅಂಚಿನ ಉದ್ದಕ್ಕೂ ಸರಾಗವಾಗಿ ಹೋಯಿತು. ಮೂಲೆಯ ಹತ್ತಿರ ಬೇರಿಗಿಂತ ಮೆತ್ತಗಿನದೇನೋ ಸಿಕ್ಕಿತು. ಕೈ ಹಿಂದೆಗೆದೆ. ಹುಲ್ಲಿನ ಮೇಲೆ ನನ್ನ ಕಿರುಬೆರಳಿನಷ್ಟುದ್ದದ ಬಾಲವೊಂದು ತಾನೇ ತಾನಾಗಿ ಒದ್ದಾಡುತ್ತಿತ್ತು. ಅದಕ್ಕೆ ತನ್ನ ಮೈ ಎಲ್ಲಿದೆ ಎಂದು ಗೊತ್ತಿರಲಿಲ್ಲ.

ತಗಡು ಎತ್ತಿದೆ.

ಅದು ಓಡಿಹೋಗಲಿಲ್ಲ. ಓಡುವಂತಿರಲಿಲ್ಲ. ಒಂದಿಷ್ಟು ಮಣ್ಣನ್ನು ಬಟ್ಟಲಿನಂತೆ ತೋಡಿಕೊಂಡು, ಬಿಳಿಯ ಮೊಟ್ಟೆಗಳ ಸುತ್ತ ಮೈಯನ್ನು ಬಳಸಿಕೊಂಡು ಮಲಗಿತ್ತು. ಮೊಂಡಾದ ಬಾಲದ ತುದಿಯಲ್ಲಿ ಕೆಂಪಗೆ ಒಂದು ಚುಕ್ಕೆ. ತಲೆಯನ್ನಷ್ಟೇ ನನ್ನ ಕಡೆ ತಿರುಗಿಸಿತು. ಒಂದು, ಎರಡು, ಮೂರು. ಮೂರಾದ ಮೇಲೂ ನಾನು ಎಣಿಸುತ್ತಲೇ ಇದ್ದೆ. ಆರು ಮೊಟ್ಟೆ.

ತಗಡನ್ನು ಇಟ್ಟು, ಒಂದು ಇಟ್ಟಿಗೆ ಗುಪ್ಪೆಯ ಮೇಲೆ ಕೂತೆ. ತಗಡು ತೆಗೆದರೆ ಬಿಸಿಲಿಗೆ ಮೊಟ್ಟೆ ಒಣಗುತ್ತವೆ. ಅಲ್ಲೇ ಬಿಟ್ಟರೆ ಬುಧವಾರ ಯಂತ್ರ ಬರುತ್ತದೆ. ಚೀಲದಲ್ಲಿ ನನ್ನ ಊಟದ ಡಬ್ಬಿಯಿತ್ತು. ಅದರಲ್ಲಿ ಮಣ್ಣು ಹಾಕಿ, ಮೊಟ್ಟೆಗಳನ್ನು ಹೊರಳಿಸದೆ ಎತ್ತಿ, ಆ ತಾಯಿಯನ್ನೂ ಹಿಡಿದು, ಹೊಳೆಯ ಆಚೆ ಎಲ್ಲಾದರೂ ಬಿಟ್ಟುಬಂದರೆ? ಅದೂ ಬದುಕುತ್ತದೆ, ಅಕ್ಕನ ಮನೆಯೂ ಏಳುತ್ತದೆ, ತಗಡಿನಮ್ಮನ ಸಹಿಯೂ ಉಳಿಯುತ್ತದೆ. ಡಬ್ಬಿ ತೆರೆದು ಊಟವನ್ನು ಹುಲ್ಲಿಗೆ ಸುರಿದೇಬಿಟ್ಟೆ. ಆಗ ಅವರು ಯಾವಾಗಲೂ ಹೇಳುತ್ತಿದ್ದ ಮಾತು ತಡೆಯಿತು. ಒಂದು ಕಂಡ್ರೆ ಕಾಣದ್ದು ಹತ್ತು ಇರುತ್ತೆ ಅಂತ ತಿಳ್ಕೋ. ಆ ಹತ್ತನ್ನು ನಾನು ಯಾವ ಡಬ್ಬಿಯಲ್ಲಿ ಹೊರಲಿ?

ಫೋನ್ ಮಾಡಿದೆ. "ಮೇಡಂ, ನೀವು ಇವತ್ತೇ ಬರಬೇಕು" ಎಂದಷ್ಟೇ ಹೇಳಿದೆ. ಯಾಕೆ ಎಂದು ಅವರು ಕೇಳಲಿಲ್ಲ.

ಒಂದು ಗಂಟೆಯಲ್ಲಿ ಬಸ್ಸಿಳಿದು ಬಂದರು. ತಲೆಗೆ ಬಿಸಿಲಿನ ಟೋಪಿ, ಕೈಯಲ್ಲಿ ತಗಡು ಎತ್ತುವ ಕೊಕ್ಕೆ. ನಾನು ಮಾತು ಜೋಡಿಸಿಕೊಂಡು ಗೇಟಿನ ಬಳಿ ನಿಂತಿದ್ದೆ. ಅವರು ನನ್ನನ್ನು ದಾಟಿ ಪೇರಿಸಿದ್ದ ತಗಡುಗಳ ಬಳಿ ಹೋದರು. ಮೇಲಿನದನ್ನು ಮಗುಚಿದರು. ಅಂಚಿಗೆ ಅಂಟಿದ್ದ ಬೇರುಗಳ ಮೇಲೆ ಹೆಬ್ಬೆರಳು ಆಡಿಸಿದರು. ಕೊಯ್ದ ತುದಿಗಳು ಇನ್ನೂ ಹಸಿಯಾಗಿ, ಬೆಳ್ಳಗಿದ್ದವು. ಎರಡನೆಯದನ್ನು ಮಗುಚಿದರು, ಮೂರನೆಯದನ್ನೂ. ಹನ್ನೊಂದನ್ನೂ ನೋಡಿ ಮುಗಿಸುವವರೆಗೆ ಒಂದು ಮಾತೂ ಆಡಲಿಲ್ಲ. ನನಗೆ ಮೌನ ಇಷ್ಟ ಎಂದೆನಲ್ಲ, ಆ ಮೌನವನ್ನು ಮಾತ್ರ ನನ್ನಿಂದ ತಡೆಯಲಾಗಲಿಲ್ಲ.

"ಮೇಡಂ, ನಾನು..."

"ಎಷ್ಟು ಸಲ?"

"ಎರಡು ಸಲ."

"ಐದನೇ ಸಲ ಎತ್ತಿದ್ಯಾ?"

"ಎತ್ತಿದೆ. ಏನೋ ಸರಿದ ಹಾಗಿತ್ತು."

"ಏನೋ?"

"ಅದೇ ಮೇಡಂ. ಗಿಡ್ಡಗಾಲಿಂದು."

ಅವರು ಟೋಪಿ ತೆಗೆದು ಹಣೆ ಒರೆಸಿಕೊಂಡರು. "ಯಾಕೆ? ಯಾರಾದ್ರೂ ಏನಾದ್ರೂ ಕೊಟ್ರಾ?"

"ಇಲ್ಲ, ಇಲ್ಲ. ನಮ್ಮಕ್ಕನಿಗೆ ಮನೆ ಬಂದಿದೆ. ಮೂರನೇ ಬ್ಲಾಕಲ್ಲಿ."

"ಹೇಳಿದ್ರೆ ನಿನ್ನ ಈ ಜಾಗಕ್ಕೆ ಹಾಕ್ತಾನೇ ಇರ್ಲಿಲ್ಲ ಕಣೋ." ಅವರ ದನಿ ಜೋರಾಗಲಿಲ್ಲ. "ಒಂದು ಮಾತು. ಒಂದೇ ಒಂದು ಮಾತು ಹೇಳಿದ್ರೆ ನಾನೇ ಬಂದು ಎತ್ತಿ ನೋಡ್ತಿದ್ದೆ."

ಇಳಿಜಾರಿಗೆ ಕರೆದುಕೊಂಡು ಹೋದೆ. ಅವರು ನಿಧಾನವಾಗಿ ಮಂಡಿಯೂರಿ, ಒಂದು ಕೈಯನ್ನು ಸೊಂಟದ ಮೇಲಿಟ್ಟುಕೊಂಡು, ಕೊಕ್ಕೆಯಿಂದ ತಗಡನ್ನು ಎತ್ತಿದರು. ಮೂರು ಎಣಿಸುವಷ್ಟು ಹೊತ್ತು. ಇಟ್ಟರು. ಬಾಲ ಹುಲ್ಲಿನ ಮೇಲೆ ಸುಮ್ಮನಾಗಿತ್ತು, ಇರುವೆಗಳು ಬಂದಿದ್ದವು. ಅದನ್ನೂ ನೋಡಿದರು. ಚಾಕು ನೋಡಿದರು. ಸುರಿದ ಊಟವನ್ನೂ ಖಾಲಿ ಡಬ್ಬಿಯನ್ನೂ ನೋಡಿದರು. ಅದರಿಂದ ಏನನ್ನು ಓದಿಕೊಂಡರೋ, "ಅದೊಂದು ಮಾಡ್ಲಿಲ್ಲ, ಸದ್ಯ" ಎಂದರು.

ಅಲ್ಲೇ ನಿಂತು ಸೈಟಿನ ಎಂಜಿನಿಯರ್‌ಗೆ ಫೋನ್ ಮಾಡಿದರು. "ಮೂರನೇ ಬ್ಲಾಕು ನಿಲ್ಸಿ. ಹೌದು, ನಾನೇ ಸಹಿ ಹಾಕಿದ್ದು. ಆ ಸಹಿ ತಪ್ಪು. ನಾಳೆ ಬರೆದುಕೊಡ್ತೀನಿ... ಒಂದು ವರ್ಷ ಅಂತಿಟ್ಕೊಳ್ಳಿ." ಆ ಕಡೆಯಿಂದ ಕೂಗಾಟ ನನಗೂ ಕೇಳುತ್ತಿತ್ತು. ಅವರು ಫೋನನ್ನು ಕಿವಿಯಿಂದ ದೂರ ಹಿಡಿದು ಕೂಗಾಟ ಮುಗಿಯುವವರೆಗೂ ಕಾದರು.

"ತಪ್ಪು ನಂದು ಅಂತ ಬರೀರಿ ಮೇಡಂ. ನಿಮ್ಮ ಹೆಸರು ಬೇಡ."

"ನಿನ್ನ ಹೆಸರೂ ಬರೀತೀನಿ, ನನ್ನ ಹೆಸರೂ ಬರೀತೀನಿ. ನಿನ್ನ ಮುಖ ನೋಡಿ ಸಹಿ ಹಾಕಿದವಳು ನಾನು. ಈಗ ದೊಡ್ಡವನಾಗೋಕೆ ಬರಬೇಡ." ಬಟ್ಟೆಗೆ ಅಂಟಿದ್ದ ಹುಲ್ಲನ್ನು ಒಂದೊಂದಾಗಿ ಕೀಳುತ್ತಾ ಕೇಳಿದರು. "ಎರಡು ವರ್ಷದಲ್ಲಿ ನೀನೊಬ್ಬನೇ ಮಾಡಿದ ಜಾಗ ಎಷ್ಟು?"

"ಒಂಬತ್ತು."

"ಅಲ್ಲೆಲ್ಲ ಎತ್ತಿದ್ಯಾ?"

"ಎತ್ತಿದ್ದೀನಿ. ಎಲ್ಲಾನೂ. ನಿಜವಾಗ್ಲೂ."

"ನಾನು ನಂಬ್ತೀನಿ ಅಂತಾನೇ ಇಟ್ಕೋ. ಬೇರೆಯವರು ಯಾಕೆ ನಂಬಬೇಕು?"

ಇದು ನನಗೆ ಹೊಳೆದೇ ಇರಲಿಲ್ಲ. ಒಂಬತ್ತು ಜಾಗಗಳು, ಚಳಿಯಲ್ಲಿ ಬೆರಳು ಮರಗಟ್ಟಿದ ಬೆಳಗುಗಳು, ಒಂದೊಂದು ಸೊನ್ನೆಗೂ ಮೂರು ಎಣಿಸಿದ ನೂರಾರು ಸಲಗಳು, ಎಲ್ಲವೂ ಈ ಹನ್ನೆರಡರ ಜೊತೆ ಹೋಗಿಬಿಟ್ಟಿದ್ದವು. ಅವನ್ನೆಲ್ಲ ಮತ್ತೆ ಹಾಸಿ ಮತ್ತೆ ಎತ್ತಬೇಕು. ಎತ್ತುವವರು ನಿವೃತ್ತಿಗೆ ಎಂಟು ತಿಂಗಳಿರುವ, ಸೊಂಟ ನೋವಿನ ಈ ಹೆಂಗಸು. ಒಂಬತ್ತರಲ್ಲಿ ಐದು ಜಾಗಗಳಲ್ಲಿ ಆಗಲೇ ಕಟ್ಟಡ ಎದ್ದಿದೆ. ಅಲ್ಲಿ ಎತ್ತಿ ನೋಡಲು ನೆಲವೇ ಇಲ್ಲ.

"ನಾಳೆ ಆಫೀಸಿಗೆ ಬರ್ಲಾ ಮೇಡಂ?"

"ಬಾ ಅಂತಲೂ ಹೇಳಲ್ಲ, ಬೇಡ ಅಂತಲೂ ಹೇಳಲ್ಲ. ಮೊದಲು ಮನೆಗೆ ಹೋಗು. ಪಾಲಿಕೆಯವರ ಕಾಗದ ಹೋಗೋ ಮುಂಚೆ ನಿಮ್ಮಕ್ಕನಿಗೆ ನೀನೇ ಹೇಳು."

ಮನೆ ತಲುಪಿದಾಗ ಮಧ್ಯಾಹ್ನದ ಊಟ ಮುಗಿದಿತ್ತು. ಭಾವ ಗೋಡೆಗೊರಗಿ ಪತ್ರಿಕೆ ಓದುತ್ತಿದ್ದರು, ಅಕ್ಕ ಯಂತ್ರದ ಮುಂದೆ ಕೂತಿದ್ದಳು, ಹುಡುಗಿ ನೆಲದ ಮೇಲೆ ಕೂತು ಸೂಜಿಗೆ ದಾರ ಪೋಣಿಸಿ ಕೊಡುತ್ತಿದ್ದಳು. ಚಾಕುವನ್ನು ತೊಳೆದು ಅದರ ಜಾಗದಲ್ಲಿಟ್ಟೆ. ಆಮೇಲೆ ನಿಂತುಕೊಂಡೇ ಹೇಳಿದೆ. ಮೊದಲಿಂದ ಕೊನೆಯವರೆಗೆ, ಬಾಲದ ವಿಷಯವನ್ನೂ ಬಿಡದೆ.

ನಾನು ಹೇಳುವಾಗ ಅಕ್ಕ ಹೊಲಿಗೆ ನಿಲ್ಲಿಸಲಿಲ್ಲ. ಬಟ್ಟೆಯ ಕೊನೆ ಬಂದ ಮೇಲೆ ದಾರ ಹಲ್ಲಿನಿಂದ ಕಚ್ಚಿ ತುಂಡು ಮಾಡಿದಳು. ಭಾವ ಏನಾದರೂ ತಮಾಷೆ ಮಾಡುತ್ತಾರೆ, ಹಲ್ಲಿ ಸಾಹೇಬ ಎನ್ನುತ್ತಾರೆ ಎಂದು ನಾನು ಕಾದೆ. ಅವರು ಪತ್ರಿಕೆಯನ್ನು ಮಡಚಿದರು, ಮತ್ತೆ ಮಡಚಿದರು, ಅಂಗೈಯಷ್ಟಾಗುವವರೆಗೆ ಮಡಚಿದರು.

"ಒಂದು ವರ್ಷ" ಎಂದಳು ಅಕ್ಕ.

"ಕಮ್ಮಿಯೆಂದ್ರೆ."

"ಪಟ್ಟಿ ಹಾಗೇ ಇರುತ್ತಾ?"

"ಗೊತ್ತಿಲ್ಲ ಅಕ್ಕ. ಇರಬಹುದು."

"ನೀನು ಇವತ್ತು ಅಲ್ಲಿಗೆ ಹೋಗದೇ ಇದ್ದಿದ್ರೆ?"

ಈ ಪ್ರಶ್ನೆಗೆ ನನ್ನ ಬಳಿ ಉತ್ತರವಿತ್ತು. ತಗಡಿನಮ್ಮ ಸೋಮವಾರ ಹೇಗೂ ಕಂಡುಹಿಡಿಯುತ್ತಿದ್ದರು ಎನ್ನಬಹುದಿತ್ತು. ಆದರೆ ಅಕ್ಕ ಕೇಳುತ್ತಿದ್ದದ್ದು ಅದಲ್ಲ.

"ನಿನಗೋಸ್ಕರ ಮಾಡಿದೆ ಅಂತ ಮಾತ್ರ ಹೇಳಬೇಡ" ಎಂದಳು. "ನಾನು ಕೇಳ್ಲಿಲ್ಲ. ಕಿಟಕಿ ಅಳತೆ ಕೇಳ್ದೆ, ಅಷ್ಟೇ. ಶುಕ್ರವಾರ ನಾನು ಅಳತೆ ಕೇಳೋವಾಗ ನಿನಗೆ ಗೊತ್ತಿತ್ತು. ಗೊತ್ತಿದ್ದೂ ಇಲ್ಲಿ ಕೂತು ಉಂಡೆ."

"ಅಕ್ಕ, ನಾನು ಬೇರೆ ಕಡೆ ರೂಮು ನೋಡ್ಕೋತೀನಿ. ಮುಂದಿನ ಕೋಣೆ ಇವಳಿಗೆ ಬಿಟ್ಟುಕೊಡ್ತೀನಿ. ನಾಳೇನೇ."

ಅಕ್ಕ ಆಗ ಮೊದಲ ಸಲ ಮುಖ ಎತ್ತಿ ನೋಡಿದಳು. "ಹೌದಪ್ಪಾ, ಹೋಗು. ಹೋದ್ರೆ ನಿನಗೆ ಹಗುರ ಆಗುತ್ತೆ. ನಾವು ಇಲ್ಲಿ ನೀರಿಳಿಯೋ ಗೋಡೆ ನೋಡ್ಕೊಂಡು ಕೂತಿರ್ತೀವಿ, ನೀನು ಎಲ್ಲೋ ಕೂತು ದುಃಖಪಡು. ಎಲ್ಲೂ ಹೋಗಬೇಡ. ಇಲ್ಲೇ ಇರು. ದಿನಾ ನಮ್ಮ ಮುಖ ನೋಡು, ನಾವು ನಿನ್ನ ಮುಖ ನೋಡ್ತೀವಿ. ಕೋಣೆ ಬಿಡೋದಿದ್ರೆ ಈಗ್ಲೇ ಬಿಡು."

ಭಾವ ಎದ್ದು, ಯಂತ್ರವನ್ನು ಸುತ್ತಿಕೊಂಡು, ಒಳಗಿನ ಕೋಣೆಗೆ ಹೋದರು. ಬಾಗಿಲು ಹಾಕಿಕೊಳ್ಳಲಿಲ್ಲ.

ಮುಂದಿನ ಕೋಣೆಯಲ್ಲಿ ನನ್ನದೆಂದು ಇದ್ದದ್ದು ಬಹಳವೇನೂ ಅಲ್ಲ. ಬಟ್ಟೆಗಳನ್ನು ಒಂದು ಚೀಲಕ್ಕೆ ತುರುಕಿದೆ. ಪುಸ್ತಕಗಳನ್ನು ಎರಡು ಸಲದಲ್ಲಿ ಅಡುಗೆಮನೆಗೆ ಸಾಗಿಸಿದೆ. ಹುಡುಗಿ ಫ್ರಿಜ್ಜಿನ ಮೇಲಿನ ತನ್ನ ಪುಸ್ತಕಗಳನ್ನು ಇಳಿಸಿಕೊಂಡು, ನನ್ನವನ್ನು ಎಲ್ಲಿಡುವುದೆಂದು ಕೇಳದೆ ಅದೇ ಜಾಗದಲ್ಲಿ ಜೋಡಿಸಿದಳು. ಅವಳ ಮುಖದಲ್ಲಿ ಸಿಟ್ಟಿದೆಯೇ ಎಂದು ಹುಡುಕಿದೆ. ಕಾಣಲಿಲ್ಲ. ಇಲ್ಲವೆಂದು ಹೇಳಲಾರೆ.

ಹಾಸಿಗೆ ಹೊರುವಾಗ ಅವಳು ಬಾಗಿಲಲ್ಲಿ ನಿಂತು ಕೇಳಿದಳು. "ಮಾಮ, ಎಷ್ಟು ಮೊಟ್ಟೆ ಇತ್ತು?"

"ಆರು."

"ನೀನೇ ಎಣಿಸಿದ್ಯಾ?"

"ಹೂಂ. ನಾನೇ."

ಅವಳು ನನ್ನನ್ನು ನೋಡುತ್ತಾ ನಿಂತಳು. ಮೂರು ಎಣಿಸುವುದಕ್ಕಿಂತ ಜಾಸ್ತಿ ಹೊತ್ತು. ಆಮೇಲೆ ಬಗ್ಗಿ, ಹಾಸಿಗೆಯ ಇನ್ನೊಂದು ತುದಿಯನ್ನು ಹಿಡಿದುಕೊಂಡು, "ಎತ್ತು" ಎಂದಳು.